ಜಗಳ ಕಂಡ ಟೀವಿಗಳು

ಬೈಲಹೊಂಗಲದ ಪೇಟೆಯಲ್ಲಿ ಹಗ್ಗ, ಕಣ್ಣಿ, ಗೋಣಿಚೀಲ ಮಾರುವ ನಿಜಗುಣಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಗಿರಾಕಿ ಹಗ್ಗವನ್ನು ಎರಡು ಸಲ ಜಗ್ಗಿ ನೋಡಿದರೆ ಸಾಕು, “ಎಮ್ಮಿ ಕಟ್ಟಾಕ ಒಯ್ಯಾಕತ್ತೀಯೋ, ಆನಿ ಕಟ್ಟಾಕೋ? ಇಟ್ಟ ಹೋಗು ಅತ್ಲಾಗ” ಎಂದು ಎಗರಿ ಬೀಳುತ್ತಿದ್ದ. ಆದರೂ ಅಂಗಡಿ ನಡೆಯುತ್ತಿತ್ತು. ಅವನ ಹಗ್ಗ ಹರಿಯುತ್ತಿರಲಿಲ್ಲ, ಬೈಗುಳಕ್ಕೆ ಅವನು ಬೇರೆ ದರ ಹಚ್ಚುತ್ತಲೂ ಇರಲಿಲ್ಲ.

ಅಂಗಡಿಯ ಹಿಂದೆ ದೊಡ್ಡ ಗೋದಾಮು. ಅರ್ಧದಲ್ಲಿ ಗೋಣಿಚೀಲದ ಹೊರೆಗಳು, ಇನ್ನರ್ಧದಲ್ಲಿ ಹಳೆಯ ಕಪ್ಪು-ಬಿಳುಪು ಟೀವಿಗಳು. ಎಲ್ಲವೂ ಮರದ ಪೆಟ್ಟಿಗೆಯವು, ಮುಂದೆ ಎಡಕ್ಕೂ ಬಲಕ್ಕೂ ಸರಿಸುವ ಶಟರ್ ಇದ್ದವು. ಒಂದು ಕಾಲಕ್ಕೆ ಉಳ್ಳವರ ಪಡಸಾಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕುಳಿತಿದ್ದವು. ಕಿತ್ತೂರು, ಸವದತ್ತಿ, ರಾಮದುರ್ಗ ಸುತ್ತಿ ನಿಜಗುಣಪ್ಪ ಅವನ್ನು ಒಂದೊಂದಾಗಿ ಕೂಡಿಸಿದ್ದ. ಅಂಚೆಚೀಟಿ ಕೂಡಿಸುವವರಿಗೆ, ಹಳೆಯ ನಾಣ್ಯ ಕೂಡಿಸುವವರಿಗೆ ಊರು ಏನೂ ಅನ್ನುವುದಿಲ್ಲ. ಟೀವಿ ಕೂಡಿಸಿದ ತಪ್ಪಿಗೆ ಇವನಿಗೆ ‘ಗುಜರಿ ಸಾವ್ಕಾರ’ ಎಂದು ಹೆಸರಿಟ್ಟಿತ್ತು.

ಊರಿಗೆ ಗೊತ್ತಿಲ್ಲದ ಒಂದು ಮಾತಿದೆ. ನಿಜಗುಣಪ್ಪ ಸಿಕ್ಕ ಸಿಕ್ಕ ಟೀವಿಯನ್ನು ಕೊಳ್ಳುತ್ತಿರಲಿಲ್ಲ. ಯಾವ ಟೀವಿಯ ಸಲುವಾಗಿ ಆ ಮನೆಯಲ್ಲಿ ಹೊಡೆದಾಟವಾಗಿದೆಯೋ ಅದು ಮಾತ್ರ ಅವನಿಗೆ ಬೇಕು. ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಮನೆಯವರಿಗೆ “ಮೊದಲ ಇದನ್ನ ಹೇಳ್ರಿ. ಯಾಂವ ಹೊಡದಾ? ಯಾಕ ಹೊಡದಾ?” ಎಂದು ಕೇಳುತ್ತಿದ್ದ. ‘ನಮ್ಮ ಮನ್ಯಾಗ ಅಂಥಾದ್ದೇನೂ ಆಗಿಲ್ರಿ’ ಎಂದವರ ಟೀವಿ ಅಲ್ಲೇ ಉಳಿಯುತ್ತಿತ್ತು. ನಮ್ಮ ಕಡೆ ಅಂಥ ಮನೆ ಬಹಳ ಇರಲಿಲ್ಲ ಅನ್ನಿ.

ಒಂದರ ಶಟರಿನ ಮೇಲೆ ಕೊಡಲಿಯ ಗಾಯವಿತ್ತು. ಪಾಲಾಗುವ ದಿನ ಟೀವಿ ಯಾರಿಗೆ ಎಂದು ಅಣ್ಣತಮ್ಮಂದಿರಿಗೆ ಬಗೆಹರಿಯಲಿಲ್ಲ. ‘ಹಂಗಾರ ಇಬ್ಬರಿಗೂ ಅರ್ಧರ್ಧ’ ಎಂದು ಅಣ್ಣ ಕೊಡಲಿ ಎತ್ತಿದ, ಅಡ್ಡ ಬಂದ ತಮ್ಮನ ಮೂರು ಬೆರಳು ಶಟರಿನ ಜೊತೆಗೇ ಹೋದವು. ಇನ್ನೊಂದು ರಾಮದುರ್ಗದ ಚನ್ನವ್ವನ ಮನೆಯದು. ಧಾರಾವಾಹಿ ಮುಗಿಯಲಿ, ಆಮೇಲೆ ರೊಟ್ಟಿ ಬಡಿಯುತ್ತೇನೆ ಎಂದದ್ದಕ್ಕೆ ಗಂಡ ತಾಮ್ರದ ತಂಬಿಗೆ ಬೀಸಿ ಒಗೆದ. ಟೀವಿಯ ಗಾಜು ಸಿಡಿದು ಚನ್ನವ್ವನ ಬಲಗಣ್ಣು ಹೋಯಿತು. “ಒಯ್ಯಪಾ, ಅದರ ಮಾರಿ ನೋಡಾಕ ನನಗ ಉಳಿದದ್ದ ಒಂದ ಕಣ್ಣು” ಎಂದು ಆಕೆ ನಗುತ್ತಲೇ ಪೆಟ್ಟಿಗೆ ಎತ್ತಿ ಕೊಟ್ಟಿದ್ದಳು. ಮತ್ತೊಂದು ಸವದತ್ತಿಯದು. ಅಂಟೆನಾ ಯಾರ ಮಾಳಿಗೆಯ ಮೇಲೆ ನಿಲ್ಲಬೇಕು ಎಂದು ಎರಡು ಮನೆಯವರು ಮೇಲೆಯೇ ಕೈ ಕೈ ಮಿಲಾಯಿಸಿ, ಒಬ್ಬ ಅಲ್ಲಿಂದ ಬಿದ್ದು ಸತ್ತಿದ್ದ.

ಇಂಥ ಹುಚ್ಚು ಯಾಕೆ ಎಂದರೆ ಅದಕ್ಕೆ ಅವನ ಹುಬ್ಬಿನ ಮೇಲೊಂದು ಗುರುತಿತ್ತು. ಅವನು ಶಾಲೆಗೆ ಹೋಗುವಾಗ ಓಣಿಗೆ ಮೊದಲ ಟೀವಿ ಬಂದದ್ದು ಇವರ ಮನೆಗೇ. ಒಂದು ಭಾನುವಾರ ಅಪ್ಪ ಮಡಿವಾಳೆಪ್ಪ ಸಂತೆಯಿಂದ ಬರುವಷ್ಟರಲ್ಲಿ ಪಡಸಾಲೆಯ ತುಂಬ ಜನ, ದೇವರ ಜಗಲಿಯ ಮೇಲೂ ಜನ. “ಯಾಂವ ಇವರನ್ನೆಲ್ಲಾ ಒಳಗ ಬಿಟ್ಟಾಂವ?” ಎಂದು ಅಪ್ಪ ಕೇಳಿದ. ಶಹಬ್ಬಾಸ್‌ಗಿರಿ ಸಿಗುತ್ತದೆ ಎಂದುಕೊಂಡ ಹುಡುಗ ಎದ್ದು ನಿಂತು ಕೈ ಎತ್ತಿದ. ಅಪ್ಪ ಅಂಟೆನಾದ ಸಲಾಕೆ ಕಿತ್ತುಕೊಂಡು, ಅವನು ಉಚ್ಚೆ ಹೊಯ್ದುಕೊಳ್ಳುವ ತನಕ ಹೊಡೆದ. ಹೊಡೆತದ ನೋವು ವಾರದಲ್ಲಿ ಮರೆತುಹೋಯಿತು. ಕುಳಿತಿದ್ದ ಓಣಿಯ ಜನ ನಕ್ಕಿದ್ದರಲ್ಲ, ಅದು ಮಾತ್ರ ಐವತ್ತು ದಾಟಿದರೂ ಅವನ ಎದೆಯಿಂದ ಹೋಗಿರಲಿಲ್ಲ. ಬೇರೆಯವರ ಮನೆಯಲ್ಲೂ ಇದೇ ಆಗಿದೆ ಎಂದು ಕೇಳಿದಾಗ ಅವನಿಗೆ ಏನೋ ಸಮಾಧಾನ. ಕೆಟ್ಟ ಸಮಾಧಾನ, ಆದರೂ ಸಮಾಧಾನವೇ.

ಟೀವಿಗಳ ಸುಳಿವು ತರುತ್ತಿದ್ದವನು ದೇಗಾಂವದ ಮಾಳಪ್ಪ, ದನದ ದಲ್ಲಾಳಿ. ಎತ್ತಿನ ವ್ಯಾಪಾರಕ್ಕೆ ಊರೂರು ತಿರುಗುವ ಮನುಷ್ಯ, ಯಾರ ಅಟ್ಟದ ಮೇಲೆ ಏನು ಬಿದ್ದಿದೆ ಎಂಬುದು ಮನೆಯವರಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಅವನಿಗೂ ನಿಜಗುಣಪ್ಪನಿಗೂ ಒಂದು ಆಟವಿತ್ತು. ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಆಡುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಮುಚ್ಚಿಕೊಂಡು, ಒಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಮಾತು ಮುಗಿಸುತ್ತಾರೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆರಳು ಕಾಣುವುದಿಲ್ಲ. ಒಳಗೆ ಏನು ಠರಾಯಿತು ಎಂಬುದು ಆ ಇಬ್ಬರಿಗೇ ಗೊತ್ತು, ಮೂರನೆಯವನು ಕೇಳುವಂತೆಯೂ ಇಲ್ಲ. ಮಾಳಪ್ಪ ಟೀವಿಗೂ ಹೀಗೇ ಟವೆಲ್ ಹಾಕುತ್ತಿದ್ದ. “ಎರಡ ಹಲ್ಲಿನ ಹೋರಿ ಐತ್ರಿ ಸಾವ್ಕಾರ್ರ, ಶಟರ್ ಸೈತ ಹಂಗ ಐತಿ!” ಎಂದು ಕೈ ಚಾಚಿದರೆ, ಸಿಡುಕುಮೋರೆಯ ನಿಜಗುಣಪ್ಪನೂ ನಗುತ್ತಿದ್ದ. ಅವನನ್ನು ನಗಿಸುವವರು ಜಗತ್ತಿನಲ್ಲಿ ಬೇರೆ ಯಾರೂ ಇರಲಿಲ್ಲ.

ಹೀಗಿರುವಾಗ ಮೊಬೈಲಿನಲ್ಲಿ ಆ ಹಾಳು ಸುದ್ದಿ ಬಂತು. ಹಳೆಯ ಶಟರ್ ಟೀವಿಯೊಳಗೆ ಒಂದು ಸಣ್ಣ ಗಾಜಿನ ನಳಿಗೆ ಇರುತ್ತದಂತೆ, ಅದರಲ್ಲಿ ಕೆಂಪು ಪಾದರಸವಂತೆ, ಪರದೇಶದವರು ಅದಕ್ಕೆ ಕೋಟಿಗಟ್ಟಲೆ ಕೊಡುತ್ತಾರಂತೆ. ಪರೀಕ್ಷೆಯೂ ಇತ್ತು. ಬೆಳ್ಳುಳ್ಳಿ ಹತ್ತಿರ ಹಿಡಿದರೆ ಅದು ಹೆದರಿ ಆ ಕಡೆ ಸರಿಯಬೇಕು, ಕನ್ನಡಿಯಲ್ಲಿ ಕಾಣಿಸಲೇಬಾರದು! ಹೆದರಿ ಸರಿಯುವುದಕ್ಕೆ ಅದೇನು ಅತ್ತೆಯನ್ನು ಕಂಡ ಸೊಸೆಯೇ? ಶುದ್ಧ ಸುಳ್ಳು. ಆದರೆ ಸುಳ್ಳಿಗೆ ಕಾಲಿಲ್ಲದಿದ್ದರೇನು, ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ. ಅಟ್ಟದ ಮೇಲಿನ ಟೀವಿಗಳನ್ನು ಜನ ಇಳಿಸಿ, ಒಡೆದು, ಬೆಳ್ಳುಳ್ಳಿ ಹಿಡಿದುಕೊಂಡು ಕೂತರು. ಏನೂ ಸಿಗದಿದ್ದಾಗ ಎಲ್ಲರಿಗೂ ಒಂದೇ ನೆನಪಾಯಿತು, ನಿಜಗುಣಪ್ಪನ ಗೋದಾಮು.

ಒಂದೇ ವಾರದಲ್ಲಿ ಗುಜರಿ ಸಾವ್ಕಾರ ಹೋಗಿ ‘ನಿಜಗುಣಪ್ಪನವರು’ ಆದ. ಮದುವೆಯ ಪಂಕ್ತಿಯಲ್ಲಿ ಮೂಲೆಗೆ ಕೂಡಿಸುತ್ತಿದ್ದವರು ಹಿರಿಯರ ಪಕ್ಕಕ್ಕೆ ಕರೆದರು. ಕಾರಿನಲ್ಲಿ ಬಂದವರು ಚಪ್ಪಲಿ ಬಿಟ್ಟು ಅಂಗಡಿಯ ಕಟ್ಟೆ ಹತ್ತಿದರು. “ಖರೇನ ಐತೇನ್ರಿ?” ಎಂದು ಕೇಳಿದರೆ ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, “ಇದ್ದಾಂವ ಇದ್ದದ್ದನ್ನ ಊರಿಗೆಲ್ಲಾ ಸಾರತಾನೇನ್ರಿ?” ಎನ್ನುತ್ತಿದ್ದ. ಇಲ್ಲ ಎಂಬ ಎರಡಕ್ಷರ ಅವನ ಬಾಯಿಂದ ಹೊರಡಲಿಲ್ಲ. ಹೊರಡಬೇಕಿತ್ತು. ಅವನ ಹೆಂಡತಿಯ ತಮ್ಮ, ಅಂಗಡಿಯ ವಹಿವಾಟು ನೋಡಿಕೊಳ್ಳುವ ಸಂಜು, ನೇರವಾಗಿಯೇ ಹೇಳಿದ: “ಮಾಮಾ, ಬೆಂಕಿ ಜೋಡಿ ಆಟಾ ಆಡಬ್ಯಾಡ್ರಿ. ಇಲ್ಲಂತ ಹೇಳಿ ಕಳಸ್ರಿ.”

“ಇಷ್ಟ ದಿನಾ ನಕ್ಕಾರಲೋ ಸಂಜು. ನಾಕ ದಿನಾ ಕೈ ಮುಗೀಲಿ, ಬಿಡು” ಎಂದ ನಿಜಗುಣಪ್ಪ.

ಆಮೇಲೆ ಬಿಳಿ ಜೀಪಿನಲ್ಲಿ ಮೂವರು ಬಂದರು. ಕರೆತಂದವನು ಮಾಳಪ್ಪನೇ. ಸಂತೆಯಲ್ಲಿ ಗುರುತಾದವರಂತೆ, ದೂರದ ಊರಿನವರಂತೆ. ಅವರಲ್ಲಿ ಮುಂದಾಳು ಕೈಗೆ ದಪ್ಪ ಬೆಳ್ಳಿಯ ಕಡಗ ಹಾಕಿದ್ದ, ಮಾತು ಕಡಿಮೆ. ಕಟ್ಟೆಯ ಮೇಲೆ ಹತ್ತಾರು ಜನ ಕೂಡಿದ್ದರು. ಮಾಳಪ್ಪ ಕಣ್ಣು ಮಿಟುಕಿಸಿ, ಹೆಗಲ ಮೇಲಿನ ಟವೆಲ್ ತೆಗೆದು ಕೈ ಚಾಚಿದ. ನಿಜಗುಣಪ್ಪನಿಗೆ ಹುರುಪು ಬಂತು, ಕೈ ಕೊಟ್ಟ. ಟವೆಲ್ಲಿನ ಕೆಳಗೆ ಆದದ್ದೇನು? ಮಾಳಪ್ಪ ಅವನ ಅಂಗೈಗೆ ಕಚಗುಳಿ ಇಟ್ಟ, ಅಷ್ಟೇ. ಇಬ್ಬರೂ ನಗು ನುಂಗಿಕೊಂಡು ಮುಖ ಬಿಗಿದು ಕುಳಿತರು. ಮಾಳಪ್ಪ “ಹೂಂ” ಎಂದು ದೊಡ್ಡದಾಗಿ ಉಸಿರು ಬಿಟ್ಟ. ಕಡಗದವನು ರೆಪ್ಪೆ ಬಡಿಯದೆ ನೋಡುತ್ತಿದ್ದ. ಸರಕಿಲ್ಲದವನು ಟವೆಲ್ಲಿಗೆ ಕೈ ಕೊಡುವುದಿಲ್ಲ. ಇದು ನಮ್ಮ ಸಂತೆಗಳಲ್ಲಿ ದನ ಕಾಯುವವನಿಗೂ ಗೊತ್ತಿರುವ ಮಾತು.

ಮುಂದಿನ ಭಾನುವಾರ ಪೇಟೆ ಮುಚ್ಚಿತ್ತು. ಮಧ್ಯಾಹ್ನ ಊಟ ಮಾಡಿ ನಿಜಗುಣಪ್ಪ ಮತ್ತು ಸಂಜು ಗೋದಾಮಿನಲ್ಲಿ ಟೀವಿಗಳ ಧೂಳು ಹೊಡೆಯುತ್ತಿದ್ದರು. “ಸಾವ್ಕಾರ್ರ, ನಾನ್ರಿ ಮಾಳ್ಯಾ, ಬಾಗಲಾ ತಗೀರಿ” ಎಂಬ ದನಿ ಕೇಳಿತು. ಸಂಜು ಅಗಳಿ ತೆಗೆದ. ಮಾಳಪ್ಪನ ಬೆನ್ನಿಗೇ ಆ ಮೂವರು ಒಳನುಗ್ಗಿದರು. ಮೊದಲ ಏಟು ಸಂಜುವಿನ ಕಿವಿಗೆ ಬಿತ್ತು. ಕಬ್ಬಿಣದ ಪೈಪು. ಅವನು ‘ಅಯ್ಯವ್ವಾ’ ಎನ್ನುತ್ತ ಚೀಲದ ಹೊರೆಯ ಮೇಲೆ ಬಿದ್ದ, ಕಿವಿಯಿಂದ ರಕ್ತ ಇಳಿಯಿತು. ಬಾಗಿಲು ಹಾಕಿಕೊಂಡರು. ಅದೇ ಅಂಗಡಿಯ ಹಗ್ಗದಿಂದ ಅವನನ್ನು ಕಂಬಕ್ಕೆ ಬಿಗಿದರು, ಒಂದು ಸುತ್ತು ಕುತ್ತಿಗೆಗೂ ಹಾಕಿದರು.

“ಅಯ್ಯ, ಏನ್ ಮಾಡಾಕತ್ತೀರಿ? ಬರೇ ನೋಡಿ ಹೋಗ್ತೀವಿ ಅಂದಿದ್ರಿ!” ಎಂದು ಮಾಳಪ್ಪ ಅಡ್ಡ ಬಂದ. ಅವನ ಕಪಾಳಕ್ಕೆ ಒಂದು ಬಿತ್ತು. ಕೈಯಲ್ಲಿ ಬೆಳ್ಳುಳ್ಳಿ ಗಡ್ಡೆ ತುರುಕಿ, “ಪರೀಕ್ಷಾ ನೀನ ಮಾಡು” ಎಂದರು.

“ಎಲ್ಲೈತಿ?” ಎಂದ ಕಡಗದವನು.

“ಇಲ್ಲ” ಎಂದ ನಿಜಗುಣಪ್ಪ. ಇಷ್ಟು ದಿನ ನುಂಗಿಕೊಂಡಿದ್ದ ಮಾತು ಈಗ ಹೊರಬಿತ್ತು, ಬೆಲೆ ಹೋದ ಮೇಲೆ. “ನಿಮ್ಮ ಪಾದಾ ಹಿಡಿತೀನಿ, ಅಂಥಾದ್ದು ಈ ಜಗತ್ತಿನಾಗ ಎಲ್ಲೂ ಇಲ್ಲ. ಎಲ್ಲಾ ಖೊಟ್ಟಿ ಸುದ್ದಿ.”

“ಇಲ್ಲದಾಂವ ಟವೆಲ್ಲಿನಾಗ ಕೈ ಯಾಕ ಕೊಟ್ಟೀ?” ಕಡಗದವನು ಅವನ ಬಲಗೈಯನ್ನು ತಕ್ಕಡಿಯ ಕಲ್ಲಿನ ಮೇಲೆ ಇಡಿಸಿದ. ಪೈಪು ಎರಡು ಸಲ ಇಳಿಯಿತು. ಬೆರಳುಗಳು ಹಸಿ ಕಡ್ಡಿ ಮುರಿದ ಹಾಗೆ ಲಟಲಟ ಎಂದವು. ನಿಜಗುಣಪ್ಪ ಕೂಗಿದ ಕೂಗು ಹೊರಗಿನ ಬೀದಿಗೆ ಕೇಳಿರಬೇಕು, ಆದರೆ ಭಾನುವಾರದ ಪೇಟೆಯಲ್ಲಿ ನಾಯಿ ಬಿಟ್ಟರೆ ಯಾರಿದ್ದರು?

ಆಮೇಲೆ ಸಂಜುವಿನ ಕುತ್ತಿಗೆಯ ಹಗ್ಗಕ್ಕೆ ಒಂದು ಕೋಲು ಸೇರಿಸಿ ತಿರುವತೊಡಗಿದರು. ಹುರಿ ಬಿಗಿದಷ್ಟೂ ಅವನ ಕಣ್ಣು ಹೊರಬಂತು. ಎರಡು ಮಕ್ಕಳ ತಂದೆ. ಅಕ್ಕ ಅನ್ನಪೂರ್ಣಾ ಎತ್ತಿ ಆಡಿಸಿ ಬೆಳೆಸಿದ ತಮ್ಮ. ನಿಜಗುಣಪ್ಪನಿಗೆ ತನ್ನ ಬೆರಳ ನೋವು ಮರೆತುಹೋಯಿತು. “ತಡೀರಿ, ತಡೀರಿ! ನಾನ ಒಡದ ತೋರಸ್ತೀನಿ. ಒಂದರಾಗರ ಇದ್ರ ನನ್ನ ಕೊಲ್ರಿ” ಎಂದು ಎಡಗೈಯಿಂದ ಹಾರೆ ಎತ್ತಿಕೊಂಡ.

ಅವನೇ ಒಡೆದ. ಯಾರ ಕೈ ತಾಗಿದರೂ ಹರಿಹಾಯುತ್ತಿದ್ದ ಟೀವಿಗಳನ್ನು ತಾನೇ ಒಡೆದ. ಮರದ ಪೆಟ್ಟಿಗೆ ಸೀಳುವುದು, ಒಳಗಿನ ತಂತಿ ಕಿತ್ತು ಒಗೆಯುವುದು, ಗಾಜಿನ ಬುರುಡೆಗೆ ಹಾರೆ ಹೊಡೆಯುವುದು. ಒಳಗೆ ಗಾಳಿಯಿಲ್ಲದ ಬುರುಡೆ ಢಮ್ಮೆಂದು ಒಳಕ್ಕೆ ಕುಸಿದು, ಆಮೇಲೆ ಗಾಜಿನ ಚೂರು ಹೊರಕ್ಕೆ ಹಾರುತ್ತಿತ್ತು. ಅವನ ಮುಖ, ಎದೆ, ಮುಂಗೈ ಎಲ್ಲ ಹರಿದವು. ಪ್ರತಿಯೊಂದು ಒಡೆದ ಮೇಲೂ ಮಾಳಪ್ಪ ಬಗ್ಗಿ, ಚೂರುಗಳ ಮೇಲೆ ಬೆಳ್ಳುಳ್ಳಿ ಹಿಡಿಯುತ್ತಿದ್ದ. ಏನೂ ಸರಿಯುತ್ತಿರಲಿಲ್ಲ. ಬೇರೆ ದಿನ ಆಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕೊನೆಯದೂ ಒಡೆಯಿತು. ಗೋದಾಮಿನ ನೆಲದ ತುಂಬ ಗಾಜು ಮತ್ತು ರಕ್ತ. “ನೋಡಿದ್ರ್ಯಾ? ಇಲ್ಲ. ಇನ್ನರ ಬಿಡ್ರಿ ಅವನ್ನ” ಎಂದು ನಿಜಗುಣಪ್ಪ ಹಾರೆ ಕೆಳಗಿಟ್ಟ.

ಕಡಗದವನು ಸುತ್ತ ನೋಡಿದ. ಅವನ ಮುಖದ ಮೇಲೆ ನಂಬಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. “ಇಷ್ಟ ಪ್ರೀತಿಲೆ ಸಾಕಿದ್ದನ್ನ ಹಿಂಗ ಒಡೀತಾನಂದ್ರ, ಮೊದಲ ತಗದ ಬ್ಯಾರೆ ಕಡೆ ಇಟ್ಟಾನ” ಎಂದ. ಕೋಲು ಮತ್ತೊಂದು ಸುತ್ತು ತಿರುಗಿತು. ಸಂಜುವಿನ ಕಾಲು ನೆಲ ಕೆರೆಯತೊಡಗಿದವು, ಆಮೇಲೆ ಕೆರೆಯುವುದೂ ನಿಧಾನವಾಯಿತು.

ನಿಜ ಹೇಳಿ ನೋಡಿದ್ದ. ಒಡೆದು ತೋರಿಸಿದ್ದ. ಎರಡೂ ನಡೆಯಲಿಲ್ಲ. ಇವರಿಗೆ ಬೇಕಾದದ್ದು ಒಂದು ಹೆಸರು, ಒಂದು ಜಾಗ. ಅವನ ಕಣ್ಣ ಮುಂದೆ ಇದ್ದ ಮನುಷ್ಯ ಒಬ್ಬನೇ, ಬೆಳ್ಳುಳ್ಳಿ ಹಿಡಿದು ನಿಂತವನು. ಇವರನ್ನು ಬಾಗಿಲಿಗೆ ತಂದವನು ಇವನೇ ಎಂಬ ಸಿಟ್ಟೂ ಆ ಗಳಿಗೆಯಲ್ಲಿ ಇತ್ತು. ಇರಲಿಲ್ಲ ಎಂದರೆ ಸುಳ್ಳಾದೀತು.

“ಮಾಳಪ್ಪನ ಕಡೆ ಐತಿ” ಎಂದ ನಿಜಗುಣಪ್ಪ. “ಅವತ್ತ ಟವೆಲ್ಲಿನಾಗ ಮಾತ ಮುಗಿದಿತ್ತು. ಅಂವ ಒಯ್ದಾನ.”

ಕೋಲು ನಿಂತಿತು. ಮೂವರೂ ಒಟ್ಟಿಗೆ ತಿರುಗಿದರು. ಮಾಳಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಚೇಷ್ಟೆಯೇನೋ ಎಂಬಂತೆ ಅವನ ಬಾಯಿ ಅರ್ಧ ನಗುವಿಗೆ ತೆರೆಯಿತು. “ಸಾವ್ಕಾರ್ರ, ಏನ್ ಆಡತೀರಿ? ಟವೆಲ್ಲಿನಾಗ ಏನಿತ್ತು? ಹೇಳ್ರಿ ಇವರಿಗೆ. ಕಚಗುಳಿ ಇಟ್ಟಿದ್ದೆಲ್ರಿ!” ಎಂದ. ಕಚಗುಳಿ ಎಂಬ ಮಾತು ಆ ಮೂವರಿಗೆ ಹೇಗೆ ಕೇಳಿರಬೇಕು? ಒಬ್ಬ ಅವನ ಬಾಯಿಗೇ ಪೈಪು ಬೀಸಿದ, ಹಲ್ಲು ಗಾಜಿನೊಳಗೆ ಬಿದ್ದವು. ಕೂದಲು ಹಿಡಿದು ಎಳೆದುಕೊಂಡು ಹೋದರು. ಬಾಗಿಲ ಚೌಕಟ್ಟನ್ನು ಮಾಳಪ್ಪ ಎರಡೂ ಕೈಯಿಂದ ಅವಚಿ ಹಿಡಿದ. ಬೂಟಿನಿಂದ ಒದ್ದು ಬಿಡಿಸಿದರು. ಅಷ್ಟು ಹೊತ್ತೂ ಅವನು ನಿಜಗುಣಪ್ಪನ ಮುಖವನ್ನೇ ನೋಡುತ್ತಿದ್ದ. ‘ಸುಳ್ಳು ಹೇಳಿದೆ, ಬಿಡ್ರಿ ಅವನ್ನ’ ಎನ್ನಲು ಸಮಯವಿತ್ತು. ನಿಜಗುಣಪ್ಪ ಸಂಜುವಿನ ಕುತ್ತಿಗೆಯ ಗಂಟು ಬಿಚ್ಚುತ್ತಿದ್ದ.

ಮಾಳಪ್ಪನ ಹೆಣ ಕಾಲುವೆಯ ತೂಬಿನಲ್ಲಿ ಸಿಕ್ಕಿತು. ಕೈಯ ಬೆರಳು ಒಂದೂ ನೆಟ್ಟಗಿರಲಿಲ್ಲ. ಸಾಯುವ ಮುಂಚೆ ಅವನನ್ನು ಎಷ್ಟು ಕೇಳಿದರೋ, ಅವನು ಇಲ್ಲ ಎಂದು ಎಷ್ಟು ಹೇಳಿದನೋ, ಹೇಳುವವರು ಯಾರು? ಆ ಮೂವರನ್ನು ಹೆದ್ದಾರಿಯ ಧಾಬಾದಲ್ಲಿ ಊಟಕ್ಕೆ ಕುಳಿತಾಗ ಪೊಲೀಸರು ಹಿಡಿದರು. ಅವರು ಇವತ್ತಿಗೂ ಕೆಂಪು ಪಾದರಸ ಎಲ್ಲೋ ಇದೆ ಎಂದೇ ಹೇಳುತ್ತಾರಂತೆ.

ಸಂಜು ಬದುಕಿದ, ಒಂದು ಕಿವಿ ಹೋಯಿತು. ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿ ಮಲಗಿ, “ಮಾಮಾ, ನೀವು ಆ ಮಾತ ಆಡದಿದ್ರ ನಾ ಇರತಿದ್ದಿಲ್ಲ” ಎಂದು ಒಮ್ಮೆ ಮಾತ್ರ ಹೇಳಿದ. ಪೊಲೀಸರ ಮುಂದೆ ಇಬ್ಬರೂ ಆ ಮಾತನ್ನು ಎತ್ತಲಿಲ್ಲ. ತನ್ನನ್ನು ನಗಿಸುತ್ತಿದ್ದ ಒಬ್ಬನೇ ಒಬ್ಬನನ್ನು ನಿಜಗುಣಪ್ಪ ತಾನೇ ತೋರಿಸಿಕೊಟ್ಟಿದ್ದ. ಹೊಡೆದವರ ಮೇಲಿನ ಸಿಟ್ಟು ಆಗಲೇ ಆರಿಹೋಗಿತ್ತು, ಈಗ ಅವನಿಗೆ ಅಸಹ್ಯ ಹುಟ್ಟಿದ್ದು ತನ್ನ ನಾಲಿಗೆಯ ಮೇಲೆ. ಹೇಳಿಬಿಡಬೇಕು, ಯಾರಾದರೂ ಕಾಲಲ್ಲಿದ್ದದ್ದು ತೆಗೆದು ಹೊಡೆಯಬೇಕು, ಆಗ ಸ್ವಲ್ಪ ಹಗುರಾದೀತು ಎಂದು ಒಳಗೊಳಗೇ ಕಾಯುತ್ತಿದ್ದ.

ಮಾಳಪ್ಪನ ಹೆಂಡತಿ ರಾಮವ್ವ ಬಂದಳು. ಮಂಚದ ಕಾಲ ಬಳಿ ನೆಲದ ಮೇಲೆ ಕುಳಿತಳು. ಅಳಲಿಲ್ಲ, ಬೈಯಲಿಲ್ಲ. “ಸಾವ್ಕಾರ್ರ, ನಮ್ಮನಿಯವರ ಪಾಲ ಎಲ್ಲೈತ್ರಿ?” ಎಂದಳು.

“ಯಾವ ಪಾಲವ್ವಾ?”

“ಟವೆಲ್ಲಿನಾಗ ಮಾತ ಮುಗಿದಿತ್ತಂತ ಊರೆಲ್ಲಾ ಹೇಳತೈತಿ. ಅಂವಾ ಹ್ವಾದಾ. ಅಂವನ ಪಾಲ ನನ್ನ ಮಕ್ಕಳಿಗೆ ಬರಬೇಕು.”

ನಿಜಗುಣಪ್ಪ ಮೊಣಕೈ ಊರಿ ಎದ್ದು ಕುಳಿತ. ಅವನು ಕಾಯುತ್ತಿದ್ದ ಗಳಿಗೆ ಇದೇ ಆಗಿತ್ತು. “ರಾಮವ್ವಾ, ಅದು ಇಲ್ಲ. ಎಂದೂ ಇರಲಿಲ್ಲ. ಸಂಜುನ ಜೀಂವಾ ಉಳಸಾಕ ನಿನ್ನ ಗಂಡನ ಹೆಸರ ಹೇಳಿದೆ. ಸುಳ್ಳ ಹೇಳಿದೆ. ಮಾಳಪ್ಪನ್ನ ಕೊಂದಾಂವ ನಾನ. ತಗದ ಹೊಡಿ ನನ್ನ” ಎಂದ. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತ.

ರಾಮವ್ವನ ಕಣ್ಣಿನಲ್ಲಿ ಸಿಟ್ಟು ಬಂತು, ಆದರೆ ಅವನು ಬೇಡಿದ ಸಿಟ್ಟಲ್ಲ. “ಅಬ್ಬಬ್ಬಾ, ಎಂಥಾ ಮನಶ್ಯಾರಿ ನೀವು! ಸುಮ್ ಸುಮ್ಮನ ಯಾಂವರ ಕೊಲಿ ತನ್ನ ಮ್ಯಾಲೆ ಹಾಕ್ಕೋತಾನೇನು? ಅದೆಷ್ಟ ದೊಡ್ಡ ಗಂಟ ಇದ್ದೀತು, ಅದನ್ನ ನುಂಗಾಕ ಇಂಥಾ ಮಾತ ಆಡಾಕತ್ತೀರಿ! ನಿಮ್ಮ ಮನಿ ಹಾಳಾಗ!” ಎಂದು ನೆಲಕ್ಕೆ ಉಗಿದು ಎದ್ದಳು. ದವಾಖಾನೆಯ ಅಂಗಳ ದಾಟುವ ತನಕ ಅವಳ ಶಾಪ ಕೇಳಿಸುತ್ತಿತ್ತು.

ಇಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ಅನ್ನಪೂರ್ಣಾ ಬಾಗಿಲು ಮುಂದೆ ಮಾಡಿದಳು. ಸೆರಗಿನಿಂದ ಗಂಡನ ಕಣ್ಣು ಒರೆಸಿದಳು, ಗಾಜು ಹರಿದ ಗಾಯಕ್ಕೆ ತಾಗದ ಹಾಗೆ ಮೆಲ್ಲಗೆ. ಸಂಜು ಮಲಗಿದ್ದಾನೆಯೇ ಎಂದು ಒಮ್ಮೆ ತಿರುಗಿ ನೋಡಿ, ಮಂಚದ ಅಂಚಿಗೆ ಕುಳಿತು ಬಗ್ಗಿದಳು.

“ಛಲೋ ಮಾಡಿದ್ರಿ, ಆಕಿ ಮುಂದ ಬಾಯಿ ಬಿಡಲಿಲ್ಲ” ಎಂದಳು. “ಇನ್ನ ನನಗರ ಹೇಳ್ರಿ. ಎಲ್ಲಿಟ್ಟೀರಿ?”